ಮೂವತ್ತೆರಡನೇ ಪುಟದ ಆಚೆ

ಪುಸ್ತಕ ಹಾಳು ಮಾಡಿದವಳು ನಾನೇ. ಮನೆಗೆ ಬಂದವರ ಮುಂದೆ ಮಗಳು ಗೀತಾ ಆ ತಪ್ಪನ್ನು ಧೂಳಿನ ಬಿರುಗಾಳಿಯ ಮೇಲೆ ಹಾಕುತ್ತಾಳೆ. ಅಳಿಯ ನಾಗೇಂದ್ರ ಎ.ಸಿ.ಯಿಂದ ತೊಟ್ಟಿಕ್ಕಿದ ನೀರಿನ ಮೇಲೆ ಹಾಕುತ್ತಾರೆ. ಇಬ್ಬರೂ ಓದಿದವರು, ಸುಳ್ಳು ಹೇಳಿದರೂ ಕಾರಣ ಕೊಟ್ಟು ಹೇಳುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕೈ ನನ್ನದು, ಚಾಕು ನನ್ನದು, ಮೈದಾ ಅಂಟು ನನ್ನದು. ಬಿರುಗಾಳಿ ಪಾಪ, ಮೇಜಿನ ಮೇಲೆ ಎರಡು ಚಿಟಿಕೆ ಧೂಳು ಬಿಟ್ಟು ತನ್ನ ಪಾಡಿಗೆ ತಾನು ಹೋಗಿತ್ತು.

ನಾವಿರುವುದು ಮಹಬೂಲಾದಲ್ಲಿ, ಒಂಬತ್ತನೇ ಮಹಡಿ. ನಮ್ಮೂರು ಚನ್ನರಾಯಪಟ್ಟಣದ ಕಡೆ. ಯಜಮಾನರು ಹೋದ ಮೇಲೆ ಗೀತಾ ನನ್ನನ್ನು ಕುವೈತಿಗೆ ಕರೆದುಕೊಂಡು ಬಂದು ಮೂರು ವರ್ಷವಾಯಿತು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ನಾಗೇಂದ್ರ ಶುಐಬಾದ ಕಾರ್ಖಾನೆಯಲ್ಲಿ ಇಂಜಿನಿಯರು. ಮೊಮ್ಮಗಳು ಅನನ್ಯ ಒಂಬತ್ತನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಅರ್ಥವಾಗದಿದ್ದಾಗ ಅದು ಊಟದ ವಿಷಯವೇ ಇರಬೇಕೆಂದು ಇಬ್ಬರೂ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ.

ಅನನ್ಯ ಮೆತ್ತಗಿನ ಹುಡುಗಿ. ಓಟದಲ್ಲಿ ಕೊನೆಯವಳು, ಹಾಡಿನ ಗುಂಪಿನಲ್ಲಿ ಹಿಂದಿನ ಸಾಲಿನವಳು. ಒಂದು ಸಲ ಶಾಲೆಯ ನಾಟಕಕ್ಕೆ ಹೋಗಿ ಒಂದು ಗಂಟೆ ಅವಳನ್ನು ಹುಡುಕಿದೆ. ಕೊನೆಗೆ ನೋಡಿದರೆ ಮೂಲೆಯಲ್ಲಿ ನಿಂತಿದ್ದ ಮರ ನಮ್ಮ ಹುಡುಗಿ. ಓದುವುದೊಂದರಲ್ಲಿ ಮಾತ್ರ ಅವಳನ್ನು ಹಿಡಿಯುವವರಿಲ್ಲ. ಊಟದ ತಟ್ಟೆಯ ಪಕ್ಕ ಪುಸ್ತಕ ಇಟ್ಟುಕೊಂಡರೆ ಉಪ್ಪಿನಕಾಯಿಯನ್ನು ಪಲ್ಯ ಎಂದು ತಿಂದುಬಿಡುತ್ತಾಳೆ.

ಅಂಥವಳನ್ನು ಮೊದಲ ಸಲ ಯಾರೋ ಒಬ್ಬರು ಆರಿಸಿದ್ದರು. ಅವಳ ಶಾಲೆಯ ಲೈಬ್ರರಿ ಟೀಚರು ಹಿಲ್ಡಾ ಮೇಡಂ ಎಂಬ ಇಂಗ್ಲಿಷ್ ಹೆಂಗಸು. ಈ ವರ್ಷ ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೋಗುವವರು. ಅವರ ಅಜ್ಜನ ಕಾಲದ ಪುಸ್ತಕಗಳು ಒಂದು ಗೋಡೆ ತುಂಬ ಇವೆಯಂತೆ, ಅವನ್ನೆಲ್ಲ ಶಾಲೆಗೇ ಬಿಟ್ಟು ಹೋಗುತ್ತಾರಂತೆ. ಅದಕ್ಕೆ ಮೊದಲು ಪ್ರತಿ ಶನಿವಾರ ಅವರ ಮನೆಗೆ ಹೋಗಿ ಅಷ್ಟೂ ಪುಸ್ತಕದ ಪಟ್ಟಿ ಬರೆಯಲು ಒಬ್ಬ ವಿದ್ಯಾರ್ಥಿ ಬೇಕು. ಅನನ್ಯ ಆಗಬಹುದು ಎಂದಿದ್ದರು. ಆದರೆ ಮೊದಲು ಒಂದು ಪರೀಕ್ಷೆ. ಗುರುವಾರ ಶಾಲೆಯಲ್ಲಿ ನೂರು ವರ್ಷದ ಹಿಂದಿನ ಬ್ರಿಟಿಷ್ ಪುಸ್ತಕಗಳ ಪ್ರದರ್ಶನ. ಅಲ್ಲಿ ಅನನ್ಯ ಮಾತಾಡಬೇಕು. ಅದಕ್ಕಾಗಿ ಮೇಡಂ ತಮ್ಮ ಮೂರು ಪುಸ್ತಕ ಕೊಡುತ್ತಾರೆ. ಕೊಟ್ಟದ್ದು ಕೊಟ್ಟ ಹಾಗೆಯೇ ವಾಪಸು ಬರಬೇಕು. ಬಂದರೆ ಪಟ್ಟಿಯ ಕೆಲಸ ಅವಳದು.

ಸೋಮವಾರ ಸಂಜೆ ಹುಡುಗಿ ಬಟ್ಟೆಯ ಚೀಲವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದಳು, ಹಾಲು ತುಂಬಿದ ಪಾತ್ರೆ ತಂದ ಹಾಗೆ.

“ಅಜ್ಜಿ, ಪ್ಲೀಸ್, ಡೋಂಟ್ ಟಚ್. ದೀಸ್ ಆರ್ ವೆರಿ ಓಲ್ಡ್.”

“ಎಷ್ಟು ಹಳೇವೇ?”

“ಹಂಡ್ರೆಡ್ ಇಯರ್ಸ್. ಮೋರ್ ದ್ಯಾನ್ ದಟ್.”

“ನಮ್ಮತ್ತೆ ತೊಂಬತ್ತೆರಡು ವರ್ಷ ಇದ್ರು. ಮುಟ್ಟದೇನೇ ಸ್ನಾನ ಮಾಡಿಸ್ತಿದ್ನಾ ನಾನು?”

ಅವಳು ನಕ್ಕಳು. ಆಮೇಲೆ ಪಕ್ಕದಲ್ಲಿ ಕೂತು ಒಂದೊಂದನ್ನೇ ತೋರಿಸಿದಳು. ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ದಪ್ಪ ಬಟ್ಟೆಯ ರಟ್ಟು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಆಗಿನ ಕಾಲದ ಬ್ರಿಟಿಷರು ಟಿ.ವಿ. ಇಲ್ಲದೆ, ಫೋನಿಲ್ಲದೆ, ಇಂಥ ಪುಸ್ತಕಗಳನ್ನು ಬೆಂಕಿಗೂಡಿನ ಮುಂದೆ ಕೂತು ಮನೆಮಂದಿಗೆಲ್ಲ ಕೇಳುವ ಹಾಗೆ ಓದುತ್ತಿದ್ದರಂತೆ. ಹಾಗೆ ಕೇಳಿ ಬೆಳೆದ ಹುಡುಗರಲ್ಲಿ ಎಷ್ಟೋ ಜನ ಆಮೇಲೆ ದೊಡ್ಡ ಯುದ್ಧಕ್ಕೆ ಹೋಗಿ ವಾಪಸು ಬರಲಿಲ್ಲವಂತೆ. ಅದಕ್ಕೇ ಆ ಪುಸ್ತಕಗಳೆಂದರೆ ಆ ದೇಶದವರಿಗೆ ಇವತ್ತಿಗೂ ಅಷ್ಟು ಪ್ರೀತಿ. ಕೆಂಪು ಮತ್ತು ಹಸಿರು ಪುಸ್ತಕದ ಕಥೆಯನ್ನು ಅವಳು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ತಿಳಿದದ್ದು ಇಷ್ಟು: ಎರಡರಲ್ಲೂ ಮಳೆ, ಎರಡರಲ್ಲೂ ಟೀ, ಎರಡರಲ್ಲೂ ಒಂದು ಗಂಡು ಒಂದು ಹೆಣ್ಣು ಮದುವೆಯ ಮಾತನ್ನು ಬಾಯಿಬಿಟ್ಟು ಆಡದೆ ಇನ್ನೂರು ಪುಟ ತೋಟದಲ್ಲಿ ತಿರುಗಾಡುತ್ತಾರೆ.

“ಮನೇಲಿ ಒಬ್ಬ ಚಿಕ್ಕಪ್ಪ ಇದ್ದಿದ್ರೆ ಹತ್ತನೇ ಪುಟಕ್ಕೆ ಮಾತುಕತೆ ಮುಗಿಸಿರೋನು” ಎಂದೆ. “ಈ ನೀಲೀದರ ಕಥೆ ಏನು?”

“ದಟ್ ಒನ್ ಈಸ್ ಓನ್ಲಿ ಫಾರ್ ಶೋ, ಅಜ್ಜಿ. ಅದು ಓದೋಕಲ್ಲ.”

ಓದುವುದಕ್ಕಲ್ಲದ ಪುಸ್ತಕ! ಬೆಳ್ಳಿ ತಟ್ಟೆಯನ್ನು ಊಟಕ್ಕೆ ತೆಗೆಯದೆ ಬೀರುವಿನಲ್ಲಿ ಇಡುವವರನ್ನು ನೋಡಿದ್ದೇನೆ. ಇದೂ ಹಾಗೇ ಇರಬೇಕೆಂದು ಸುಮ್ಮನಾದೆ. ಸುಮ್ಮನೆಯೇ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಮಂಗಳವಾರ ಬೆಳಗ್ಗೆ ಧೂಳು ಎದ್ದಿತು. ಶಾಲೆಗೆ ರಜೆ ಕೊಡುವಷ್ಟು ದೊಡ್ಡದಲ್ಲ, ಬಾಯಲ್ಲಿ ಮರಳು ಸಿಗುವಷ್ಟು. ಗೀತಾ, ಅನನ್ಯ ಇಬ್ಬರೂ ಹೊರಟುಹೋದರು. ನಾಗೇಂದ್ರನಿಗೆ ಅವತ್ತು ಹತ್ತು ಗಂಟೆಗೆ ಕೆಲಸ, ಇನ್ನೂ ಮಲಗಿದ್ದರು. ಕಿಟಕಿಯ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿ ತಿರುಗಿ ನೋಡಿದರೆ, ಊಟದ ಮೇಜಿನ ಮೇಲೆ ಧೂಳು. ಪುಸ್ತಕಗಳ ಮೇಲೂ ಧೂಳು. ಮುಟ್ಟಬೇಡ ಎಂದಿದ್ದಳೇ ಹೊರತು ಒರೆಸಬೇಡ ಎಂದು ಹೇಳಿರಲಿಲ್ಲ. ಕೈಕಾಲು ತೊಳೆದುಕೊಂಡು ಬಂದು ಒರೆಸಲು ಕೂತೆ.

ಆಗ ನೀಲಿ ಪುಸ್ತಕವನ್ನು ಸರಿಯಾಗಿ ನೋಡಿದೆ. ಅದಕ್ಕೆ ಮೇಲೊಂದು ಕಾಗದದ ಹೊದಿಕೆ. ಅಂಚೆಲ್ಲ ಹರಿದು, ಬಣ್ಣ ಹೋಗಿ, ಬೆನ್ನಿನ ಕಡೆ ಜೋತುಬಿದ್ದಿತ್ತು. ನನಗೆ ನಾಚಿಕೆಯಾಯಿತು. ನಮ್ಮ ಹುಡುಗಿ ಇಂಥ ಚಿಂದಿ ಸುತ್ತಿದ ಪುಸ್ತಕ ಹಿಡಿದುಕೊಂಡು ನಾಲ್ಕು ಜನರ ಮುಂದೆ ನಿಲ್ಲುವುದೇ? ನೋಡಿದವರು ಏನೆಂದಾರು? ಮನೆಯಲ್ಲಿ ಒಂದು ಬೈಂಡ್ ಹಾಕಿಕೊಡುವವರು ಗತಿಯಿಲ್ಲವೇ ಎಂದಾರು.

ಬೈಂಡ್ ಹಾಕುವುದರಲ್ಲಿ ನನಗೆ ಸಮಾನರಾದವರನ್ನು ನಾನು ನೋಡಿಲ್ಲ. ನಮ್ಮ ಕಡೆ ಜೂನ್ ತಿಂಗಳು ಬಂತೆಂದರೆ ನಡುಮನೆ ತುಂಬ ಕಂದು ಕಾಗದ, ಕತ್ತರಿ, ಲೇಬಲ್ಲು. ಮೂರು ಮಕ್ಕಳದು, ಮೈದುನನ ಮಕ್ಕಳದು, ಪಕ್ಕದ ಮನೆಯವರದು, ಎಲ್ಲ ನನ್ನ ಕೈಯಲ್ಲೇ. ನಾನು ಬೈಂಡ್ ಹಾಕಿದ ಪುಸ್ತಕ ಏಪ್ರಿಲ್‌ವರೆಗೆ ಮೂಲೆ ಮಡಚದೆ ಬರುತ್ತಿತ್ತು. ಒಳಗಿನ ಪಾಠ ಮಕ್ಕಳ ತಲೆಗೆ ಹೋಗದಿದ್ದರೆ ಅದಕ್ಕೆ ನಾನು ಜವಾಬ್ದಾರಳಲ್ಲ.

ಪಾರ್ಸೆಲ್ಲುಗಳ ಜೊತೆ ಬಂದ ಕಂದು ಕಾಗದವನ್ನು ನಾನು ಹಾಸಿಗೆಯ ಕೆಳಗೆ ಕೂಡಿಟ್ಟಿದ್ದೆ. ಅದನ್ನು ತೆಗೆದು ಇಸ್ತ್ರಿ ಮಾಡಿದೆ. ಮೈದಾ ಕಲಸಿ ಅಂಟು ಕಾಯಿಸಿದೆ. ಹುಳ ಬರದಿರಲೆಂದು ಅದಕ್ಕೆ ಮೈಲುತುತ್ತ ಹಾಕಬೇಕು. ಅದು ಇಲ್ಲಿ ಎಲ್ಲಿ ಸಿಗಬೇಕು? ಅರಿಶಿನ ಹಾಕಿದೆ. ನೀಲಿ ಪುಸ್ತಕದ ಚಿಂದಿಯನ್ನು ಕಿತ್ತು ಪಕ್ಕಕ್ಕಿಟ್ಟೆ. ಬೆನ್ನು ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು, ಒಳಗೆ ಎರಡು ಬೆರಳು ಅಂಟು ಸವರಿ ಒತ್ತಿ ಹಿಡಿದೆ. ನಿಂತಿತು.

ಆಮೇಲೆ ಅಂಟು ಒಣಗಿದೆಯೇ ಎಂದು ಹಾಳೆ ಮಗುಚಿ ನೋಡುತ್ತೇನೆ, ಹಾಳೆಗಳೆಲ್ಲ ಒಂದಕ್ಕೊಂದು ಸೇರಿಕೊಂಡಿವೆ! ಅಂಟಿನಿಂದಲ್ಲ. ಕಾಗದವನ್ನು ಮಡಚಿ ಹೊಲಿದವನು ಮೇಲಿನ ಅಂಚು ಕತ್ತರಿಸುವುದನ್ನೇ ಮರೆತುಬಿಟ್ಟಿದ್ದ. ಇಂಗ್ಲಿಷ್ ಅಕ್ಷರ ಬರದಿದ್ದರೂ ಅಂಕಿ ನನಗೆ ಬರುತ್ತದೆ. ಮೂವತ್ತೆರಡನೇ ಪುಟದವರೆಗೆ ಸರಿಯಾಗಿ ಬಿಡಿಸಿದೆ, ಅಲ್ಲಿಂದಾಚೆ ಕೊನೆಯವರೆಗೂ ಮುಚ್ಚಿದೆ. ಓದುವುದಕ್ಕಲ್ಲ ಎಂದು ಹುಡುಗಿ ಹೇಳಿದ್ದು ಇದಕ್ಕೇ ಎಂದು ಹೊಳೆಯಿತು. ಪಾಪ, ಬಾಯಿ ಹೊಲಿದ ಪುಸ್ತಕ ಕೊಟ್ಟು ಮಾತಾಡು ಎಂದರೆ ಮಗು ಏನು ಮಾತಾಡೀತು?

ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡೆ. ತೊಳೆದೇ ತೆಗೆದುಕೊಂಡೆ, ಅದನ್ನು ಹೇಳಿಬಿಡುತ್ತೇನೆ. ಒಂದು ಗಂಟೆ ಕೂತು ಅಷ್ಟನ್ನೂ ಬಿಡಿಸಿದೆ. ಅಂಚು ಅಲ್ಲಲ್ಲಿ ಬಟ್ಟೆಗೆ ಅಂಟಿ ಎದ್ದ ಇಡ್ಲಿಯ ಹಾಗೆ ಬಂತು. ಅದನ್ನೂ ಕತ್ತರಿಯಿಂದ ಸಮ ಮಾಡಿದೆ. ಕೊನೆಗೆ ಮೂರಕ್ಕೂ ಕಂದು ಬೈಂಡ್ ಹಾಕಿ, ಬಿಳಿ ಲೇಬಲ್ ಅಂಟಿಸಿ, ನನ್ನ ಗುಂಡು ಅಕ್ಷರದಲ್ಲಿ ಬರೆದೆ: ಶ್ರೀ. ಕೆಳಗೆ, ಅನನ್ಯ ನಾಗೇಂದ್ರ, ಒಂಬತ್ತನೇ ತರಗತಿ, ‘ಸಿ’ ವಿಭಾಗ.

ಉಳಿದದ್ದು ಆ ಚಿಂದಿ. ಅಕ್ಷರವಿರುವ ಕಾಗದವನ್ನು ನಾವು ಕಸಕ್ಕೆ ಹಾಕುವುದಿಲ್ಲ, ತುಳಿಯುವುದಿಲ್ಲ. ಸರಸ್ವತಿ. ಆದರೆ ಅದೇ ಸರಸ್ವತಿಯಲ್ಲಿ ಚುರುಮುರಿ ಕಟ್ಟಿಸಿಕೊಂಡು ತಿಂದೇ ನಾವೆಲ್ಲ ದೊಡ್ಡವರಾದದ್ದು. ನಾಗೇಂದ್ರ ಕಾರ್ಖಾನೆಯ ಸ್ನೇಹಿತರಿಗೆಂದು ಚಕ್ಕುಲಿ ಕೇಳಿದ್ದರು. ಕಾಗದವನ್ನು ನೀಟಾಗಿ ಡಬ್ಬದ ತಳಕ್ಕೆ ಹಾಸಿ, ಮೇಲೆ ಚಕ್ಕುಲಿ ಜೋಡಿಸಿ ಕೈಗೆ ಕೊಟ್ಟೆ. ಅವರು ಹೋದರು. ನಾನು ಬೆನ್ನು ಚಾಚಿದೆ. ಇಷ್ಟು ಪುಣ್ಯದ ಕೆಲಸ ಒಂದೇ ಬೆಳಗ್ಗೆ ಮಾಡಿ ನನಗೂ ಅಭ್ಯಾಸವಿರಲಿಲ್ಲ.

ಮೂರು ಗಂಟೆಗೆ ಅನನ್ಯ ಬಂದಳು.

“ಅಜ್ಜಿ, ವೇರ್ ಆರ್ ದ ಬುಕ್ಸ್?”

“ಕಣ್ಣ ಮುಂದೆ ಇದೆಯಲ್ಲೇ.”

ಅವಳು ಕಂದು ಬೈಂಡಿನ ಮೂರು ಪುಸ್ತಕವನ್ನು ನೋಡಿದಳು. ಲೇಬಲ್ ನೋಡಿದಳು. ಒಂದನ್ನು ತೆರೆದಳು, ಮುಚ್ಚಿದಳು. ಮೂರನೆಯದನ್ನು ತೆರೆದು ಹಾಳೆಯ ಅಂಚಿನ ಮೇಲೆ ಬೆರಳು ಆಡಿಸಿದಳು.

“ಇದರ ಪೇಪರ್ ಕವರ್?”

“ಆ ಚಿಂದಿಯಾ? ಚಕ್ಕುಲಿ ಡಬ್ಬಕ್ಕೆ ಹಾಕ್ದೆ.”

ಹುಡುಗಿ ನೆಲದ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ತಲೆ ತಗ್ಗಿಸಿಕೊಂಡು ಮೆಲ್ಲಗೆ ಒಂದೊಂದೇ ಹೇಳಿದಳು. ಆ ಕಾಲದಲ್ಲಿ ಪುಸ್ತಕ ಕೊಂಡವರು ಮೇಲಿನ ಕಾಗದವನ್ನು ಅವತ್ತೇ ಬಿಸಾಡುತ್ತಿದ್ದರಂತೆ. ಹಾಗಾಗಿ ಉಳಿದಿರುವ ಒಂದೊಂದು ಕಾಗದಕ್ಕೂ ಪುಸ್ತಕಕ್ಕಿಂತ ಹೆಚ್ಚು ಮರ್ಯಾದೆಯಂತೆ. ಹಾಳೆ ಕತ್ತರಿಸದೆ ಬಿಟ್ಟದ್ದು ಮರೆತಲ್ಲವಂತೆ, ಆಗ ಹಾಗೇ ಮಾರುತ್ತಿದ್ದರಂತೆ. ಓದುವವರೇ ಕಾಗದದ ಚಾಕುವಿನಿಂದ ಬಿಡಿಸಿಕೊಂಡು ಓದಬೇಕಂತೆ. ನೂರು ವರ್ಷ ಯಾರೂ ಪೂರ್ತಿ ಬಿಡಿಸದೆ ಹಾಗೇ ಉಳಿದ ಪುಸ್ತಕವೆಂದರೆ ದೊಡ್ಡ ವಿಷಯವಂತೆ. ಅದನ್ನು ತೋರಿಸುವುದಕ್ಕೆಂದೇ ಮೇಡಂ ಕೊಟ್ಟದ್ದಂತೆ.

ಓದಿದ ಪುಸ್ತಕಕ್ಕಿಂತ ಓದದ ಪುಸ್ತಕಕ್ಕೆ ಮರ್ಯಾದೆ ಹೆಚ್ಚು ಎಂಬುದನ್ನು ನಾನು ಮೊದಲ ಸಲ ಕೇಳಿದೆ. ಆದರೆ ನ್ಯಾಯ ವಿಚಾರಿಸುವ ಹೊತ್ತಾಗಿರಲಿಲ್ಲ. ಅಳಿಯಂದಿರಿಗೆ ಫೋನ್ ಮಾಡಿದೆ.

“ಅತ್ತೆ, ಮೀಟಿಂಗಲ್ಲಿದೀನಿ.”

“ಇರಿ, ಬೇಡ ಅಂದೋರ್ಯಾರು. ಚಕ್ಕುಲಿ ಡಬ್ಬ ಎಲ್ಲಿ?”

“ಮಹಮೂದ್ ಹತ್ರ ಇದೆ. ಎಲ್ಲರಿಗೂ ಹಂಚ್ತಿದಾರೆ. ಯಾಕೆ?”

“ಅದರ ತಳದಲ್ಲಿ ಒಂದು ಕಾಗದ ಇದೆ. ಅದನ್ನ ಜೋಪಾನವಾಗಿ ತನ್ನಿ.”

ಆ ಕಡೆ ಇಂಗ್ಲಿಷು, ಅರಬ್ಬಿ ಎಲ್ಲ ಕೇಳಿಸಿತು. ಕೊನೆಗೆ ‘ಖಲಾಸ್, ಖಲಾಸ್’ ಎಂಬ ಒಂದು ದಪ್ಪ ದನಿ.

“ಅತ್ತೆ, ಚಕ್ಕುಲಿ ಖಾಲಿ. ಕಡೇ ನಾಲ್ಕನ್ನ ಮಹಮೂದ್ ಅದೇ ಕಾಗದದಲ್ಲಿ ಸುತ್ತಿ ಮನೆಗೆ ಕಳಿಸಿಬಿಟ್ಟಿದಾರಂತೆ, ಹೆಂಡತಿಗೆ. ಡ್ರೈವರ್ ಹೋಗಿ ಆಯ್ತು.”

ಮಹಮೂದ್ ಎಂಬುವವರು ಈಜಿಪ್ಟಿನವರು, ನಾಗೇಂದ್ರನ ಜೊತೆ ಕೆಲಸ ಮಾಡುವವರು. ಇಂಥ ಒಳ್ಳೆಯ ಗಂಡಂದಿರು ಇರುವುದರಿಂದಲೇ ಲೋಕದಲ್ಲಿ ತೊಂದರೆಗಳಾಗುವುದು. ಐದು ಗಂಟೆಗೆ ಕೆಲಸ ಮುಗಿಸಿ ನಾಗೇಂದ್ರ ಅವರ ಮನೆಗೆ ಹೋಗಿ, ಕಾಗದವನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ತಂದರು. ಜೊತೆಗೆ ಒಂದು ಪೆಟ್ಟಿಗೆ ರವೆಯ ಸಿಹಿ. ಚಕ್ಕುಲಿ ಬಹಳ ಹಿಡಿಸಿತಂತೆ. ಕಾಗದ ಎಣ್ಣೆ ಕುಡಿದು ಗಾಜಿನ ಹಾಗೆ ಆಗಿತ್ತು. ಈ ಕಡೆಯಿಂದ ನೋಡಿದರೆ ಆ ಕಡೆ ನಿಂತ ಗೀತಾಳ ಮುಖ ಕಾಣುತ್ತಿತ್ತು. ಆ ಮುಖ ಕಾಣದಿದ್ದರೇ ಚೆನ್ನಾಗಿತ್ತು.

“ಅಮ್ಮ, ನೀನು ಒಂದು ದಿನ ಸುಮ್ನೆ ಕೂತಿರೋಕಾಗಲ್ವಾ?”

“ಎಣ್ಣೆ ತಾನೇ? ಪೌಡರ್ ಹಾಕಿ ಇಸ್ತ್ರಿ ಮಾಡಿದ್ರೆ ಹೋಗತ್ತೆ. ನಿನ್ನ ಮದುವೆ ಸೀರೇದು ಹೀಗೇ ತೆಗೆದಿದ್ದು.”

“ಆ ಕಲೆ ಇನ್ನೂ ಇದೆ!”

ಅದು ನನಗೆ ಗೊತ್ತಿರಲಿಲ್ಲ. ಅವರೆಲ್ಲ ಒಳಗೆ ಮಾತಾಡುತ್ತಿರುವಾಗ ಪೌಡರ್ ಸುರಿದು, ಮೇಲೆ ತೆಳು ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಎಣ್ಣೆ ನಿಜವಾಗಿಯೂ ಏಳುತ್ತಾ ಬಂತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಹಾಲು ಇಳಿಸಿ ಬರುವಷ್ಟು ಹೊತ್ತು, ಅಷ್ಟೇ. ಇಸ್ತ್ರಿ ಪೆಟ್ಟಿಗೆಯ ಮೂತಿ ಕಾಗದದ ನಟ್ಟನಡುವೆ ಕಂದಾಗಿ ಅಚ್ಚು ಒತ್ತಿತ್ತು.

ಅನನ್ಯ ಬಂದು ಅದನ್ನು ನೋಡಿದಳು. “ಸಾಕು ಅಜ್ಜಿ” ಎಂದಳು.

ಬರೀ ಕನ್ನಡದಲ್ಲಿ ಅಂದಳು. ಅವಳು ಒಂದು ಇಂಗ್ಲಿಷ್ ಪದವನ್ನೂ ಬೆರೆಸದೆ ಮಾತಾಡಿದಳೆಂದರೆ ಜ್ವರ ಬಂದಿರಬೇಕು ಇಲ್ಲವೇ ಮನಸ್ಸು ಮುರಿದಿರಬೇಕು. ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಸೇರಿ ಸಭೆ ನಡೆಸಿದರು. ಬಿರುಗಾಳಿ, ಎ.ಸಿ. ನೀರು, ಈ ಎರಡು ಕಾರಣ ಹುಟ್ಟಿದ್ದು ಆ ಸಭೆಯಲ್ಲೇ. ನಾಗೇಂದ್ರ ಕಾಗದದ ಮೇಲೆ ನೀರು ಯಾವ ದಿಕ್ಕಿನಿಂದ ಬಿದ್ದಿರಬೇಕೆಂದು ಚಿತ್ರ ಬರೆದು ತೋರಿಸಿದರು. ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲಿ ಸುಡುವ ನೀರು ಯಾವುದೆಂದು ನಾನು ಕೇಳಿದೆ. ನಾಗೇಂದ್ರ ಚಿತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಅನನ್ಯ ಮಾತ್ರ ಬೇರೆ ಹೇಳಿದಳು. “ಐ ವಿಲ್ ಟೆಲ್ ಹರ್ ಐ ಡಿಡ್ ಇಟ್.”

ತಾನೇ ಮಾಡಿದ್ದು ಎಂದು ಹೇಳುತ್ತಾಳಂತೆ. ನನಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. ಒಂದೇ ಒಂದು ಸಲ ಯಾರೋ ಆರಿಸಿದ ಹುಡುಗಿ, ನನ್ನ ಸಲುವಾಗಿ ಅದನ್ನೂ ಬಿಟ್ಟುಬಿಡಲು ತಯಾರಾಗಿದ್ದಳು. ನನ್ನ ಮೇಲಿನ ಪ್ರೀತಿಯಿಂದಲೋ, ನನಗೆ ಬುದ್ಧಿಯಿಲ್ಲ ಎಂಬ ಕರುಣೆಯಿಂದಲೋ ಗೊತ್ತಿಲ್ಲ. ಎರಡೂ ನನಗೆ ಬೇಕಿರಲಿಲ್ಲ.

“ಮುಚ್ಚೇ ಬಾಯಿ” ಎಂದೆ. “ನಾಳೆ ನಿಮ್ಮ ಮೇಡಂ ಮನೆಗೆ ನಾನೇ ಬರ್ತೀನಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳು, ಸಾಕು.”

ಬುಧವಾರ ಸಂಜೆ ನಾಗೇಂದ್ರ ನಮ್ಮಿಬ್ಬರನ್ನೂ ಹಿಲ್ಡಾ ಮೇಡಂ ಮನೆಯ ಮುಂದೆ ಇಳಿಸಿ, ತಾವು ಕಾರಿನಲ್ಲೇ ಕೂತರು. ಶುಐಬಾದಲ್ಲಿ ದೊಡ್ಡ ದೊಡ್ಡ ಬಾಯ್ಲರು ನೋಡಿಕೊಳ್ಳುವ ಗಂಡಸು, ಒಬ್ಬ ಲೈಬ್ರರಿ ಟೀಚರಿಗೆ ಹೆದರಿ ಕಾರಿನಲ್ಲಿ ಕೂತರು.

ಹಿಲ್ಡಾ ಮೇಡಂ ಉದ್ದಕ್ಕೆ, ತೆಳ್ಳಗೆ, ಬಿಳಿ ಕೂದಲು. ನನ್ನ ವಯಸ್ಸೇ ಇದ್ದಾರು. ಎರಡು ಬೆಕ್ಕು, ಒಂದು ಗೋಡೆ ಪುಸ್ತಕ. ಟೀ ಕೊಟ್ಟರು. ಹಾಲು ಕಡಿಮೆ, ಸಕ್ಕರೆ ಇಲ್ಲ. ಅದು ನನಗೆ ಸಿಗಬೇಕಾದ ಶಿಕ್ಷೆಯ ಮೊದಲ ಕಂತೆಂದು ಕುಡಿದೆ. ಆಮೇಲೆ ಮೂರು ಪುಸ್ತಕ, ಒಂದು ಫೈಲು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಧೂಳು, ಬೈಂಡು, ಅಂಟು, ಚಾಕು, ಚಕ್ಕುಲಿ, ಮಹಮೂದ್, ಇಸ್ತ್ರಿ. ಕಾಲು ಗಂಟೆ ಹೇಳಿದೆ. ಅನನ್ಯ ಅದನ್ನು ಇಂಗ್ಲಿಷಿನಲ್ಲಿ ಎರಡು ವಾಕ್ಯದಲ್ಲಿ ಮುಗಿಸಿದಳು.

“ಅಷ್ಟೇನಾ? ಚಾಕು ತೊಳೆದಿದ್ದೆ ಅನ್ನೋದು ಹೇಳಿದ್ಯಾ?”

“ಅಜ್ಜಿ!”

“ಹೇಳೇ.”

ಹೇಳಿದಳು. ಮೇಡಂ ತಲೆಯಾಡಿಸಿದರು. ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದು ಅರಿಶಿನದ ಅಂಟು ನೋಡಿದರು, ಅಂಚು ನೋಡಿದರು. ಫೈಲಿನೊಳಗಿನ ಕಾಗದವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಲೇಬಲ್ಲಿನ ಮೇಲೆ ಬೆರಳಿಟ್ಟು ಏನೋ ಕೇಳಿದರು.

“ತನ್ನ ಬುಕ್ ಮೇಲೆ ನನ್ನ ಹೆಸರು ಯಾಕೆ ಅಂತ ಕೇಳ್ತಿದಾರೆ” ಎಂದಳು ಅನನ್ಯ.

“ಕಳೆದುಹೋದ್ರೆ ಸಿಗಲಿ ಅಂತ.”

ಮೇಡಂ ನಗಲಿಲ್ಲ. ಅನನ್ಯ ಉಗುರು ಕಚ್ಚಿಕೊಂಡು ಗೋಡೆಯ ಪುಸ್ತಕಗಳ ಕಡೆ ನೋಡುತ್ತಿದ್ದಳು, ರೈಲು ಹೊರಟಮೇಲೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ನೋಡುವ ಹಾಗೆ. ಅದನ್ನು ನೋಡಲಾಗದೆ, ಏನಾದರೊಂದು ಮಾತಾಡೋಣವೆಂದು, ಹೇಳಬಾರದ್ದನ್ನು ಹೇಳಿದೆ.

“ಒಂದು ಮಾತು ಹೇಳು ಅವರಿಗೆ. ಮೂವತ್ತೆರಡನೇ ಪುಟದ ಆಚೆ ಯಾರೂ ಹೋಗಿಲ್ಲ. ಅವರಜ್ಜ ಇದನ್ನ ಓದಿಲ್ಲ.”

“ನೋ, ಅಜ್ಜಿ. ನಾನು ಹೇಳಲ್ಲ.”

ಮೇಡಂ ನಮ್ಮಿಬ್ಬರ ಮುಖ ನೋಡಿ, ಹೇಳಲೇಬೇಕೆಂದು ಬೆರಳಿಂದ ಮೇಜು ತಟ್ಟಿದರು. ಅನನ್ಯ ನೆಲ ನೋಡಿಕೊಂಡು ಹೇಳಿದಳು.

ಮೇಡಂ ಟೀ ಬಟ್ಟಲನ್ನು ಕೆಳಗಿಟ್ಟರು. ತಮ್ಮಜ್ಜನಿಗೆ ಇದು ಪ್ರಾಣಕ್ಕಿಂತ ಹೆಚ್ಚಿನ ಪುಸ್ತಕ ಎಂದರಂತೆ. ಪ್ರತಿ ಭಾನುವಾರದ ಊಟಕ್ಕೆ ಇದರ ಒಂದು ಸಾಲನ್ನಾದರೂ ಹೇಳದೆ ಎದ್ದವರಲ್ಲವಂತೆ. ಎರಡನೇ ಸಲ ಓದುವುದಕ್ಕೆಂದು ಹೊಸ ಪ್ರತಿ ತಂದಿಟ್ಟದ್ದು ಇದು, ಮೊದಲನೆಯದು ಓದಿ ಓದಿ ಹರಿದುಹೋಯಿತು ಎಂದು ಮನೆಯಲ್ಲೆಲ್ಲ ನಂಬಿದ್ದರಂತೆ.

“ಯಾವ ಸಾಲು ಹೇಳ್ತಿದ್ರು? ಹುಡುಕ್ಲಿ ನೋಡೋಣ.”

ಮೇಡಂ ಪುಸ್ತಕ ಮಗುಚಿದರು. ಒಂದು ಸಾಲು ನಾಲ್ಕನೇ ಪುಟದಲ್ಲಿ ಸಿಕ್ಕಿತು. ಇನ್ನೊಂದು ಹನ್ನೊಂದರಲ್ಲಿ. ಮತ್ತೊಂದು ಇಪ್ಪತ್ತೇಳರಲ್ಲಿ. ಅಜ್ಜ ಕಣ್ಣೀರು ಹಾಕಿಕೊಂಡು ಹೇಳುತ್ತಿದ್ದದ್ದು ಮೂವತ್ತೊಂದರಲ್ಲಿ. ಅಲ್ಲಿಗೆ ಮೇಡಂ ಕೈ ನಿಂತಿತು. ಎದ್ದು ಹೋಗಿ ಗೋಡೆಯಿಂದ ಇನ್ನೊಂದು ಪುಸ್ತಕ ತೆಗೆದರು. ಹದಿನಾರರವರೆಗೆ ಬಿಡಿಸಿತ್ತು. ಇನ್ನೊಂದು ನಲವತ್ತೆಂಟು. ಇನ್ನೊಂದನ್ನು ತೆರೆದೇ ಇರಲಿಲ್ಲ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಮೇಡಂ ನಗಲು ಶುರುಮಾಡಿದರು. ಎರಡೂ ಬೆಕ್ಕು ಎದ್ದು ಒಳಗೆ ಓಡಿದವು. ಆ ಮನೆಯಲ್ಲಿ ಅಷ್ಟು ಜೋರಾದ ಸದ್ದನ್ನು ಅವು ಕೇಳಿರಲಿಲ್ಲವೋ ಏನೋ.

ನಗು ನಿಂತ ಮೇಲೆ ಅನನ್ಯಳಿಗೆ ಏನೋ ಕೇಳಿದರು. ಈ ಸಲ ಅನನ್ಯ ನನಗೆ ತಿಳಿಸದೆ ನೇರವಾಗಿ ಅವರಿಗೇ ಉತ್ತರ ಹೇಳತೊಡಗಿದಳು. ಹೇಳುತ್ತಲೇ ಹೋದಳು. ಮೆತ್ತಗಿನ ಹುಡುಗಿಯ ಕೈ ಆಡುತ್ತಿತ್ತು, ಕಣ್ಣು ಹೊಳೆಯುತ್ತಿತ್ತು. ಮೇಡಂ ಕುರ್ಚಿಯ ತುದಿಗೆ ಬಂದು ಕೂತರು. ಅವರ ಟೀ ಆರಿ ಹೋಯಿತು.

ಕೊನೆಗೆ ನಾನು ಕೇಳಿದೆ: “ಏನೇ ಅದು ಅಷ್ಟು ಹೊತ್ತು?”

“ಬ್ಲೂ ಬುಕ್ ಓದಿದ್ಯಾ ಅಂತ ಕೇಳಿದ್ರು. ನೀನು ಕಟ್ ಮಾಡಿದ್ಯಲ್ಲ, ನಿನ್ನೆ ಸಂಜೆ ಸ್ವಲ್ಪ ಓದಿದೆ, ಇವತ್ತು ಸ್ಕೂಲ್ ಬಸ್ಸಲ್ಲಿ ಮುಗಿಸಿದೆ. ಎಂಡಿಂಗ್ ಏನು ಅಂತ ಕೇಳಿದ್ರು.”

ಕಥೆ ಹೀಗಂತೆ. ಒಂದು ಹಳ್ಳಿಯಲ್ಲಿ ಅಕ್ಕ ತಂಗಿ ಸೇರಿ ಅಂಚೆ ಕಚೇರಿ ನೋಡಿಕೊಳ್ಳುತ್ತಾರೆ. ಅಕ್ಕನಿಗೆ ಒಬ್ಬ ಬರೆದ ಮದುವೆಯ ಕಾಗದವನ್ನು ತಂಗಿ ಬಚ್ಚಿಡುತ್ತಾಳೆ. ಅದು ಮೂವತ್ತೊಂದನೇ ಪುಟ. ಮೇಡಂ ಅಜ್ಜ ‘ಅಯ್ಯೋ ಆ ಅಕ್ಕನ ಗತಿಯೇ’ ಎಂದು ಸಾಯುವವರೆಗೆ ಮರುಗಿದರಂತೆ. ಆದರೆ ಕೊನೆಯಲ್ಲಿ ತಿಳಿಯುವುದೇನೆಂದರೆ, ಟಪಾಲು ಬಿಡಿಸುವವಳು ಅಕ್ಕನೇ. ಆ ಕಾಗದವನ್ನು ಅವಳು ಮೊದಲೇ ಓದಿದ್ದಳು. ಆ ಗಂಡಸು ಅವಳಿಗೆ ಬೇಡವಾಗಿತ್ತು. ತಂಗಿ ಬಚ್ಚಿಡಲಿ ಎಂದೇ ಅವಳ ಕೈಗೆ ಸಿಗುವ ಹಾಗೆ ಇಟ್ಟಿದ್ದಳು.

“ಜಾಣೆ” ಎಂದೆ. ಅನನ್ಯ ಅದನ್ನು ಹೇಳಿದಳು. ಮೇಡಂ ಜೋರಾಗಿ ತಲೆಯಾಡಿಸಿದರು.

ಆಮೇಲೆ ತೀರ್ಪು ಕೊಟ್ಟರು. ಕಾಗದದ ಹೊದಿಕೆ ಹೋದದ್ದಕ್ಕೆ ತಮಗೆ ಬೇಸರವಾಗಿದೆ, ಆಗಿಲ್ಲ ಎಂದು ಸುಳ್ಳು ಹೇಳುವುದಿಲ್ಲ ಎಂದರು. ಆ ಮಾತಿಗೇ ನನಗೆ ಅವರ ಮೇಲೆ ಗೌರವ ಬಂತು. ಪುಸ್ತಕ ನಾಳೆ ಕಂದು ಬೈಂಡಿನಲ್ಲೇ ಇರಲಿ, ಯಾರು ಏನು ಮಾಡಿದರೆಂದು ಅನನ್ಯ ಎಲ್ಲರ ಮುಂದೆ ಹೇಳಲಿ ಎಂದರು. ಪಟ್ಟಿಯ ಕೆಲಸ ಅವಳದೇ. ಪುಸ್ತಕ, ಬರೆದವರು, ಅಚ್ಚಾದ ಊರು, ಇದರ ಜೊತೆ ಇನ್ನೊಂದು ಸಾಲು ಹೊಸದಾಗಿ ಸೇರಿಸಬೇಕು: ಅಜ್ಜ ಎಷ್ಟನೇ ಪುಟದವರೆಗೆ ಓದಿದ್ದಾರೆ. ಅಲ್ಲಿಂದಾಚೆ ಅನನ್ಯ ಓದಿ ತಮಗೆ ಹೇಳಬೇಕು. ಅಜ್ಜಿಯೂ ಬರಬಹುದು, ಆದರೆ ಅಡುಗೆ ಮನೆಯವರೆಗೆ ಮಾತ್ರ.

ಒಪ್ಪಿಕೊಂಡೆ. ಅವರ ಟೀ ಕುಡಿದಮೇಲೆ ಅಡುಗೆ ಮನೆಯಲ್ಲಿ ನನಗೆ ಕೆಲಸವಿದೆ ಎಂದು ಗೊತ್ತಾಗಿತ್ತು.

ದಾರಿಯುದ್ದಕ್ಕೂ ಅನನ್ಯ ಇಂಗ್ಲಿಷಿನಲ್ಲಿ ಮಾತಾಡಿದಳು. ಒಂದು ಅಕ್ಷರ ಅರ್ಥವಾಗಲಿಲ್ಲ, ಆದರೆ ಊಟದ ವಿಷಯ ಅಲ್ಲ ಎಂದು ತಿಳಿಯಿತು. ನಾನು ಮಾತ್ರ ಮನಸ್ಸಿನಲ್ಲೇ ಮೇಡಂ ಅಜ್ಜನನ್ನು ಚೆನ್ನಾಗಿ ಬೈದುಕೊಂಡು ಬಂದೆ. ಮೂವತ್ತೆರಡು ಪುಟ ಓದಿ, ಊರಿಗೆಲ್ಲ ಪೂರ್ತಿ ಓದಿದವನ ಹಾಗೆ ಮಾತಾಡುವುದೇ? ಎಂಥ ಮನುಷ್ಯ!

ಮರುದಿನ ಬೆಳಗ್ಗೆ ಯಾರೂ ಏಳುವ ಮೊದಲೇ ಸ್ನಾನ ಮಾಡಿ ದೇವರ ಮುಂದೆ ಕೂತೆ. ನಾನು ಮದುವೆಯಾಗಿ ಬಂದ ವರ್ಷ ನಮ್ಮಮ್ಮ ಕೊಟ್ಟ ಪಾರಾಯಣದ ಪುಸ್ತಕವೊಂದಿದೆ. ನಲವತ್ತಾರು ವರ್ಷದಿಂದ ದಿನಾ ಅದನ್ನು ಹಿಡಿಯುತ್ತೇನೆ. ಈ ಕಟ್ಟಡದ ಹೆಂಗಸರಿಗೆಲ್ಲ ಅದರಲ್ಲಿ ಏನೇನಿದೆ ಎಂದು ಹೇಳುವವಳು ನಾನೇ. ಯಾವತ್ತೂ ಮೊದಲ ಪುಟದಿಂದ ತೆರೆಯುವವಳು, ಅವತ್ತು ಯಾಕೋ ಹಿಂದಿನಿಂದ ತೆರೆದೆ. ಮೊದಲ ಕೆಲವು ಹಾಳೆ ಕುಂಕುಮ, ಎಣ್ಣೆ ಹತ್ತಿ ಕಪ್ಪಾಗಿವೆ. ಹನ್ನೆರಡನೇ ಪುಟದಿಂದ ಮುಂದಕ್ಕೆ ನಿನ್ನೆ ಅಚ್ಚಾದ ಹಾಗೆ ಬೆಳ್ಳಗಿವೆ. ನಡುವೆ ನಾಲ್ಕು ಹಾಳೆಯ ಮೇಲಿನ ಅಂಚು ಕತ್ತರಿಸೇ ಇಲ್ಲ.

ಪುಸ್ತಕ ಮುಚ್ಚಿ, ಮೇಲೊಂದು ಹೂವಿಟ್ಟೆ. ಗೀತಾ ಕಣ್ಣುಜ್ಜಿಕೊಂಡು ಬಂದಳು.

“ಏನಮ್ಮ, ಇಷ್ಟು ಬೇಗ ಪಾರಾಯಣ ಮುಗೀತಾ?”

“ಮುಗೀತು” ಎಂದೆ.